ಔಷಧಿ ಬರೆಯದೆ ಕಳಿಸಿದ ಡಾಕ್ಟರು

ಆರೋಗ್ಯ ಸಂವಾದ ಕಾರ್ಯಕ್ರಮವನ್ನು ನೀವು ಮನೆಯಲ್ಲಿ ಕೂತು ನೋಡುವಾಗ ನಿಮಗೆ ಕಾಣುವುದು ಮೂರೇ: ತಜ್ಞ ವೈದ್ಯರು, ನಿರೂಪಕಿ, ಮೇಜಿನ ಮೇಲಿನ ಹೂದಾನಿ. ಗಾಜಿನ ಈಚೆ ಕಂಟ್ರೋಲ್ ರೂಮಿನಲ್ಲಿ ಕೂತಿರುವ ನನ್ನಂಥವನಿಗೆ ಕಾಣುವುದು ಗಡಿಯಾರ ಒಂದೇ. ಕೆಲವು ತಿಂಗಳ ಹಿಂದೆ ಉದರ ರೋಗಗಳ ಕುರಿತು ನೇರಪ್ರಸಾರ ನಡೆದಿತ್ತು. ಮುಗಿಯಲು ಒಂದು ನಿಮಿಷ ಇರುವಾಗ ಚಳ್ಳಕೆರೆ ಕಡೆಯಿಂದ ಒಬ್ಬ ಹೆಣ್ಣುಮಗಳ ಕರೆ ಬಂತು.

“ಸಾರ್, ನಮ್ಮ ಯಜಮಾನ್ರಿಗೆ ಹೊಟ್ಟೆ ಎಡಗಡೆ ಕೆಳಗೆ ನೋವು ಬಂದು ಸ್ಕ್ಯಾನ್ ಮಾಡ್ಸಿದ್ವಿ. ಕರುಳು ಊದ್ಕೊಂಡೈತೆ, ಡೈವರ್ಟಿ ಏನೋ ಅಂದ್ರು. ಆದ್ರೆ ಆಂಟಿಬಯಾಟಿಕ್ ಬರ್ಕೊಡ್ಲಿಲ್ಲ ಸಾರ್. ಜ್ವರದ ಮಾತ್ರೆ ಕೊಟ್ಟು, ಗಂಜಿ ಕುಡ್ಸಿ, ಮನೇಲೇ ಇರ್ಲಿ ಅಂದ್ರು. ನಾವು ದುಡ್ಡಿಲ್ದೋರು ಅಂತ ಹಂಗ್ ಮಾಡಿದ್ರಾ?”

ವೈದ್ಯರು ನಕ್ಕು, “ಇಲ್ಲಮ್ಮ, ನಿಮ್ಮ ಡಾಕ್ಟರು ಸರಿಯಾಗಿಯೇ ಮಾಡಿದ್ದಾರೆ” ಎಂದು ಆರಂಭಿಸಿದರು. ಅಷ್ಟರಲ್ಲಿ ನಾನು ‘ಮುಗಿಸಿ’ ಎಂದು ಸನ್ನೆ ಮಾಡಿಸಿದೆ. ವಾರ್ತೆಗಳ ಸಮಯ. ಆಕೆಯ ಪ್ರಶ್ನೆಯ ಕೊನೆಯ ಭಾಗಕ್ಕೆ ಉತ್ತರ ಸಿಗಲೇ ಇಲ್ಲ. ಅಂದು ರಾತ್ರಿ ಮನೆಗೆ ಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಮದ್ದು ಕೊಡದಿರುವುದೂ ಒಂದು ಚಿಕಿತ್ಸೆ ಎಂದು ನಂಬಲು ನಮಗೆ ಯಾಕಿಷ್ಟು ಕಷ್ಟ? ನಾನು ವೈದ್ಯನಲ್ಲ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಈ ಕೆಲಸಕ್ಕೆ ಬಂದವನು. ಆದರೆ ಹಳೆಯ ದಾಖಲೆ ಕೆದಕುವುದು ನಮ್ಮ ವೃತ್ತಿಯ ಚಟ. ಕೆದಕಿದಾಗ ಸಿಕ್ಕ ಕಥೆಯನ್ನು, ಅಂದು ನಾನು ಕತ್ತರಿಸಿದ ನಿಮಿಷಗಳ ಬದಲಿಗೆ, ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ರೋಗದ ಪರಿಚಯ. ನಮ್ಮ ದೊಡ್ಡ ಕರುಳಿನ ಗೋಡೆಯಲ್ಲಿ ರಕ್ತನಾಳಗಳು ಒಳನುಗ್ಗುವ ಜಾಗಗಳು ಸ್ವಲ್ಪ ದುರ್ಬಲ. ವಯಸ್ಸಾದಂತೆ ಆ ಜಾಗಗಳಲ್ಲಿ ಕರುಳಿನ ಒಳಪದರ ಹೊರಕ್ಕೆ ಉಬ್ಬಿ, ಸೈಕಲ್ ಟೈರಿನ ಬಿರುಕಿನಿಂದ ಟ್ಯೂಬು ಇಣುಕಿದಂತೆ, ಪುಟ್ಟ ಚೀಲಗಳಾಗುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ 60 ದಾಟಿದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಇವು ಇರುತ್ತವೆ. ಅಲ್ಲಿ ಇವು ಹೆಚ್ಚಾಗಿ ಕರುಳಿನ ಎಡಭಾಗದಲ್ಲಿ, ಜಪಾನ್, ಕೊರಿಯಾದಂಥ ಪೂರ್ವ ದೇಶಗಳಲ್ಲಿ ಹೆಚ್ಚಾಗಿ ಬಲಭಾಗದಲ್ಲಿ. ಚೀಲ ಇರುವುದೇ ರೋಗವಲ್ಲ. ಇದ್ದವರಲ್ಲಿ ನೂರಕ್ಕೆ ಐದಕ್ಕಿಂತಲೂ ಕಡಿಮೆ ಜನರಲ್ಲಿ ಯಾವಾಗಲಾದರೂ ಅದು ಉರಿದು ಊದಿಕೊಳ್ಳುತ್ತದೆ. ಆ ಉರಿಯೂತಕ್ಕೇ ಡೈವರ್ಟಿಕ್ಯುಲೈಟಿಸ್ ಎಂದು ಹೆಸರು. ಚೀಲ ಒಡೆದು, ಕೀವು ಕಟ್ಟಿ, ಕರುಳು ಮುಚ್ಚಿಕೊಂಡರೆ ಅದು ತೊಡಕಿನ ರೋಗ. ಹಾಗೇನೂ ಆಗದೆ ಬರಿಯ ಊತ, ನೋವು, ಸಣ್ಣ ಜ್ವರ ಇದ್ದರೆ ತೊಡಕಿಲ್ಲದ್ದು. ರೋಗಿಗಳಲ್ಲಿ ಬಹುಪಾಲು ಈ ಎರಡನೆಯ ಗುಂಪಿನವರು. ನಮ್ಮ ಕಥೆ ಇವರದ್ದೇ.

ಪ್ಯಾರಿಸ್ಸಿನ ಜೀನ್ ಕ್ರುವೆಯ್ಯೆ 1849ರಲ್ಲಿ ಈ ಚೀಲಗಳನ್ನು ಸ್ಪಷ್ಟವಾಗಿ ವರ್ಣಿಸಿದ. ಅವನು ಕಂಡದ್ದು ಶವಗಳಲ್ಲಿ. ಬದುಕಿರುವವರ ಹೊಟ್ಟೆಯಲ್ಲಿ ಇದರಿಂದ ಏನಾಗುತ್ತದೆ ಎಂಬುದಕ್ಕೆ ಮತ್ತೂ ಅರ್ಧ ಶತಮಾನ ಬೇಕಾಯಿತು. 1904ರಲ್ಲಿ ಅಮೆರಿಕದ ಎಡ್ವಿನ್ ಬಿಯರ್ ಎಂಬ ಶಸ್ತ್ರವೈದ್ಯ ಒಂದು ವಿವರಣೆ ಕೊಟ್ಟ: ಚೀಲದ ಕಿರಿದಾದ ಕತ್ತಿನಲ್ಲಿ ಮಲದ ಗಟ್ಟಿ ಸಿಕ್ಕಿಕೊಳ್ಳುತ್ತದೆ, ಒಳಗೆ ಕ್ರಿಮಿಗಳು ಬೆಳೆಯುತ್ತವೆ, ಕೀವಾಗುತ್ತದೆ. ನೋಡಿ, ಎಷ್ಟು ಸರಳ, ಎಷ್ಟು ನಂಬುವಂತಿದೆ! ಈ ಒಂದು ಚಿತ್ರ ಮುಂದಿನ ನೂರು ವರ್ಷ ವೈದ್ಯರ ತಲೆಯಲ್ಲಿ ಕೂತುಬಿಟ್ಟಿತು. ಕಾಳು, ಬೀಜ ತಿನ್ನಬೇಡಿ ಎಂಬ ಪಥ್ಯದ ಬೇರೂ ಇಲ್ಲೇ ಇದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

1907ರಲ್ಲಿ ಅಮೆರಿಕದ ವಿಲಿಯಂ ಮೇಯೋ ಮತ್ತು ಸಂಗಡಿಗರು ರೋಗ ಹಿಡಿದ ಕರುಳನ್ನು ಕತ್ತರಿಸಿ ತೆಗೆದ ವರದಿ ಪ್ರಕಟಿಸಿದರು. 1910ರ ನಂತರ ಬೇರಿಯಂ ಕೊಟ್ಟು ಎಕ್ಸ್‌-ರೇ ತೆಗೆಯುವ ಪದ್ಧತಿ ಬಂದ ಮೇಲೆ ಬದುಕಿರುವವರ ಚೀಲಗಳು ಫಿಲ್ಮಿನ ಮೇಲೆ ದ್ರಾಕ್ಷಿ ಗೊಂಚಲಿನಂತೆ ಕಾಣತೊಡಗಿದವು. ಅಪರೂಪ ಎಂದುಕೊಂಡಿದ್ದ ಸಂಗತಿ ಇದ್ದಕ್ಕಿದ್ದಂತೆ ಸಾಮಾನ್ಯವಾಯಿತು. ಆಗಿನ ಪಥ್ಯ ಏನು ಗೊತ್ತೆ? ನಾರಿಲ್ಲದ ಮೆತ್ತನೆಯ ಊಟ. ಕರುಳಿಗೆ ಒರಟು ತಾಗಿದರೆ ಇನ್ನಷ್ಟು ಕೆರಳುತ್ತದೆ ಎಂಬ ತರ್ಕ. 1960ರ ದಶಕದವರೆಗೂ ಪಾಶ್ಚಾತ್ಯ ವೈದ್ಯರು ಇದನ್ನೇ ಹೇಳುತ್ತಿದ್ದರು.

ಅದನ್ನು ತಲೆಕೆಳಗು ಮಾಡಿದವರು ಇಬ್ಬರು. ಒಬ್ಬರು ಲಂಡನ್ನಿನ ಶಸ್ತ್ರವೈದ್ಯ ನೀಲ್ ಪೇಂಟರ್. ಕರುಳಿನೊಳಗಿನ ಒತ್ತಡವನ್ನು ಅಳೆದು, ಒಳಗೆ ಸರಕು ಕಡಿಮೆಯಾದರೆ ಕರುಳು ತನ್ನನ್ನೇ ಹಿಂಡಿಕೊಂಡು ಒತ್ತಡ ಏರಿಸುತ್ತದೆ ಎಂದು ತೋರಿಸಿದವರು. ಇನ್ನೊಬ್ಬರು ಡೆನಿಸ್ ಬರ್ಕಿಟ್. ಉತ್ತರ ಐರ್ಲೆಂಡಿನ ಎನ್ನಿಸ್ಕಿಲ್ಲೆನ್ ಊರಿನವರು, ಬಾಲ್ಯದಲ್ಲೇ ಒಂದು ಕಣ್ಣು ಕಳೆದುಕೊಂಡವರು, ಉಗಾಂಡಾದ ಕಂಪಾಲಾದಲ್ಲಿ ವರ್ಷಗಟ್ಟಲೆ ಶಸ್ತ್ರಚಿಕಿತ್ಸೆ ಮಾಡಿದವರು. ಮಕ್ಕಳಿಗೆ ಬರುವ ಒಂದು ಬಗೆಯ ಕ್ಯಾನ್ಸರಿಗೆ ಇಂದಿಗೂ ಅವರ ಹೆಸರೇ ಇದೆ. ಅದರ ಜಾಡು ಹಿಡಿದು 1961ರಲ್ಲಿ ಹಳೆಯ ಫೋರ್ಡ್ ಗಾಡಿಯಲ್ಲಿ 10,000 ಮೈಲಿ ಆಫ್ರಿಕಾ ಸುತ್ತಿದ ಮನುಷ್ಯ! ಅಂಥವರು ಲಂಡನ್ನಿಗೆ ಮರಳಿದ ಮೇಲೆ ಜನರ ಮಲದ ತೂಕ, ಅದು ದೇಹದಿಂದ ಹೊರಬೀಳಲು ಹಿಡಿಯುವ ಗಂಟೆಗಳ ಲೆಕ್ಕ ಹಾಕುತ್ತ ಕೂತರು. ನಮ್ಮಲ್ಲಾದರೆ ಮನೆಯವರೇ ನಗುತ್ತಿದ್ದರು. 1971ರಲ್ಲಿ ಇಬ್ಬರೂ ಸೇರಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದ ಲೇಖನದ ಸಾರಾಂಶ ಇದು: ಕಾಳುಕಡ್ಡಿ ತಿನ್ನುವ ಆಫ್ರಿಕಾದ ಹಳ್ಳಿಗರಲ್ಲಿ ಈ ರೋಗ ಇಲ್ಲವೆಂಬಷ್ಟು ವಿರಳ. ಬ್ರಿಟನ್ನಿನಲ್ಲಿ 1880ರ ಸುಮಾರಿಗೆ ಉರುಳೆ ಗಿರಣಿಗಳು ಬಂದು ಗೋಧಿಯ ತೌಡನ್ನು ಪೂರಾ ಬೇರ್ಪಡಿಸಿ ಬಿಳಿ ಹಿಟ್ಟು ಕೊಡತೊಡಗಿದ ಮೇಲೆ ಇದು ಹೆಚ್ಚಿತು. ಆದ್ದರಿಂದ ಇದು ನಾರಿನ ಕೊರತೆಯ ರೋಗ.

ಮರುವರ್ಷ, 1972ರಲ್ಲಿ, ಪೇಂಟರ್ 70 ರೋಗಿಗಳಿಗೆ ಗೋಧಿ ತೌಡು ಸೇರಿಸಿದ ಊಟ ಕೊಟ್ಟು ಬಹುತೇಕರ ತೊಂದರೆ ಕಡಿಮೆಯಾಯಿತೆಂದು ವರದಿ ಮಾಡಿದರು. ಗೋಧಿ ತೌಡು ಎಂದರೆ ನಮ್ಮ ಕಡೆ ಹಸುವಿಗೆ ಇಡುವ ಬೂಸಾ. 1973ರಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರ ಬಾಯಿಂದ ಅದೇ ಪದ ಬಂದು ನಾಡೆಲ್ಲ ಗುಲ್ಲೆದ್ದಿತ್ತಲ್ಲ, ಅದೇ ಹೊತ್ತಿಗೆ ಬ್ರಿಟನ್ನಿನ ವೈದ್ಯರು ಬೂಸಾವನ್ನು ಚಮಚದಲ್ಲಿ ಅಳೆದು ಔಷಧಿಯಾಗಿ ಕೊಡುತ್ತಿದ್ದರು!

ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಐವತ್ತು ವರ್ಷ ವೈದ್ಯಲೋಕ ದೃಢವಾಗಿ ಹೇಳಿದ ಪಥ್ಯ ತಿರುಗುಮುರುಗಾಯಿತು. ಹಳೆಯ ಪಥ್ಯವನ್ನು ಯಾರಾದರೂ ಪರೀಕ್ಷೆ ಮಾಡಿ ಸ್ಥಾಪಿಸಿದ್ದರೆ? ಇಲ್ಲ. ತರ್ಕಕ್ಕೆ ಸರಿಕಂಡಿತ್ತು, ಅಷ್ಟೆ. ಹೊಸ ಸಿದ್ಧಾಂತಕ್ಕೂ ಮುಂದೆ ಪೆಟ್ಟು ಬಿತ್ತು. 2012ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 2,104 ಜನರ ಕರುಳನ್ನು ದರ್ಶಕದಿಂದ ನೋಡಿದಾಗ, ಹೆಚ್ಚು ನಾರು ತಿನ್ನುವವರಲ್ಲಿ ಚೀಲಗಳು ಕಡಿಮೆಯೇನೂ ಇರಲಿಲ್ಲ, ಬದಲಿಗೆ ಹೆಚ್ಚೇ ಇದ್ದವು. ಆದರೆ 2011ರಲ್ಲಿ ಬ್ರಿಟನ್ನಿನಲ್ಲಿ 47,033 ಜನರ ಅಧ್ಯಯನದಲ್ಲಿ ಸಸ್ಯಾಹಾರಿಗಳಿಗೆ ಈ ಚೀಲಗಳಿಂದ ಕಾಯಿಲೆ ಬೀಳುವ ಅಪಾಯ ನೂರಕ್ಕೆ 31ರಷ್ಟು ಕಡಿಮೆ ಎಂದು ಕಂಡಿತು. ಚೀಲ ಹುಟ್ಟುವುದು ಬೇರೆ, ಅದು ಕಾಯಿಲೆಯಾಗುವುದು ಬೇರೆ ಎಂದು ಇಟ್ಟುಕೊಂಡರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ರಾಗಿ ಮುದ್ದೆ ಬಿಡಬೇಕಾದ ಕಾರಣ ಇದರಲ್ಲಿ ಏನೂ ಇಲ್ಲ.

ಇನ್ನು ಆಂಟಿಬಯಾಟಿಕ್ಕಿನ ವಿಷಯ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಪೆನಿಸಿಲಿನ್ ಬಂತು. ಅದರ ಹಿಂದೆಯೇ ಒಂದರ ಮೇಲೊಂದು ಮದ್ದುಗಳು. ಕರುಳಿನಲ್ಲಿ ಗಾಳಿಯಿಲ್ಲದೆ ಬದುಕುವ ಕ್ರಿಮಿಗಳ ಮೇಲೆ ಕೆಲಸ ಮಾಡುವ ಮೆಟ್ರೊನಿಡಜೋಲ್ ನಿಮ್ಮಲ್ಲಿ ಅನೇಕರಿಗೆ ಭೇದಿಯ ಮಾತ್ರೆಯಾಗಿ ಪರಿಚಿತ. ಅದರ ಈ ಗುಣ ಗೊತ್ತಾದದ್ದೇ ಆಕಸ್ಮಿಕವಾಗಿ. ಬೇರೊಂದು ಸೋಂಕಿಗೆಂದು ಅದನ್ನು ತೆಗೆದುಕೊಂಡ ಮಹಿಳೆಯೊಬ್ಬರಿಗೆ ಒಸಡಿನ ಹುಣ್ಣೂ ವಾಸಿಯಾಯಿತು. 1962ರಲ್ಲಿ ಅದನ್ನು ಗಮನಿಸಿ ವೈದ್ಯರೊಬ್ಬರು ಬರೆದರು. ಇಂಥ ಅಸ್ತ್ರಗಳು ಕೈಯಲ್ಲಿದ್ದಾಗ, ಬಿಯರನ ಆ ಚಿತ್ರ ತಲೆಯಲ್ಲಿದ್ದಾಗ, ಡೈವರ್ಟಿಕ್ಯುಲೈಟಿಸ್ ಎಂದೊಡನೆ ಆಸ್ಪತ್ರೆಗೆ ಸೇರಿಸಿ, ಬಾಯಿಗೆ ಏನೂ ಕೊಡದೆ, ಗ್ಲೂಕೋಸ್ ಬಾಟಲಿ ಏರಿಸಿ, ನರದ ಮೂಲಕ ಆಂಟಿಬಯಾಟಿಕ್ ಕೊಡುವುದು ಎಲ್ಲೆಡೆ ರೂಢಿಯಾಯಿತು. ರೋಗಿಗಳು ಗುಣವಾಗುತ್ತಿದ್ದರು. ಮದ್ದಿನಿಂದಲೇ ಗುಣವಾದರು ಎಂದು ಎಲ್ಲರೂ ತಿಳಿದರು. ಮದ್ದಿಲ್ಲದಿದ್ದರೂ ಗುಣವಾಗುತ್ತಿದ್ದರೇ? ಕೇಳಿದವರಿಲ್ಲ. ಕೇಳಲು ಧೈರ್ಯವೂ ಬೇಕಿತ್ತು. ಒಳಗೆ ಚೀಲ ಒಡೆದಿದೆಯೋ ಇಲ್ಲವೋ ಹೊರಗಿನಿಂದ ಹೇಳುವಂತಿರಲಿಲ್ಲವಲ್ಲ.

ಆ ಧೈರ್ಯ ಕೊಟ್ಟದ್ದು ಒಂದು ಯಂತ್ರ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನರಿನಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆದರು. 80ರ ದಶಕದ ಹೊತ್ತಿಗೆ ಅದು ಹೊಟ್ಟೆಯನ್ನೂ ನೋಡುವಂತಾಯಿತು. ಊತ ಮಾತ್ರ ಇದೆಯೋ, ಕೀವು ಕಟ್ಟಿದೆಯೋ, ಗಾಳಿ ಹೊರಬಿದ್ದಿದೆಯೋ ಎಲ್ಲವೂ ಪರದೆಯ ಮೇಲೆ. ಪರದೆಯ ಮುಂದೆ ಜೀವಮಾನ ಕಳೆಯುವ ನನಗೆ ಇದು ಸ್ವಲ್ಪ ಹೆಮ್ಮೆಯ ಸಂಗತಿ ಎಂದರೆ ನೀವು ಕ್ಷಮಿಸಬೇಕು.

ಸ್ವೀಡನ್ನಿನಲ್ಲಿ ಕೆಲವು ವೈದ್ಯರು ಮೊದಲಿನಿಂದಲೂ ಸೌಮ್ಯ ರೋಗಿಗಳಿಗೆ ಆಂಟಿಬಯಾಟಿಕ್ ಕೊಡದೆ ಕಾಯುತ್ತಿದ್ದರು. 2007ರಲ್ಲಿ ಫ್ರೆಡ್ರಿಕ್ ಯೆರ್ನ್ ಮತ್ತು ಸಂಗಡಿಗರು ಹಳೆಯ ಕಡತ ತೆಗೆದು 311 ರೋಗಿಗಳ ಲೆಕ್ಕ ಕೊಟ್ಟರು. ಅವರಲ್ಲಿ 193 ಜನ ಆಂಟಿಬಯಾಟಿಕ್ ಇಲ್ಲದೆಯೇ ಚಿಕಿತ್ಸೆ ಪಡೆದಿದ್ದರು, ಅದರಿಂದ ಅವರಿಗೆ ಕೆಡುಕಾಗಿರಲಿಲ್ಲ. ಆದರೆ ಇಲ್ಲಿ ಒಂದು ತಕರಾರು ಏಳುತ್ತದೆ. ಗಟ್ಟಿಮುಟ್ಟಾಗಿದ್ದವರಿಗೇ ಮದ್ದು ಕೊಟ್ಟಿರಲಿಲ್ಲ ಎಂದಾದರೆ? ಅದಕ್ಕೆ ಒಂದೇ ದಾರಿ, ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡುವುದು. ಆ ಕೆಲಸ ಆಗಲೇ ಶುರುವಾಗಿತ್ತು. 2003ರಿಂದ 2010ರವರೆಗೆ ಸ್ವೀಡನ್ನಿನ 10 ಮತ್ತು ಐಸ್‌ಲೆಂಡಿನ 1 ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ, ಸ್ಕ್ಯಾನಿನಲ್ಲಿ ತೊಡಕಿಲ್ಲವೆಂದು ಖಚಿತವಾದ 623 ರೋಗಿಗಳನ್ನು ಹೀಗೆ ಹಂಚಿದರು. 314 ಜನರಿಗೆ ಆಂಟಿಬಯಾಟಿಕ್, 309 ಜನರಿಗೆ ದ್ರವ ಮಾತ್ರ. ಆವೋಡ್ ಎಂದು ಹೆಸರಾದ ಈ ಪ್ರಯೋಗದ ಫಲಿತಾಂಶವನ್ನು ಅಬ್ಬಾಸ್ ಚಾಬೋಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಮದ್ದು ಪಡೆದವರಲ್ಲಿ 3 ಜನರಿಗೆ, ಪಡೆಯದವರಲ್ಲಿ 6 ಜನರಿಗೆ ತೊಡಕಾಯಿತು. ಆಸ್ಪತ್ರೆಯಲ್ಲಿದ್ದ ಅವಧಿ ಎರಡೂ ಕಡೆ 3 ದಿನ. ವರ್ಷದೊಳಗೆ ರೋಗ ಮರುಕಳಿಸಿದ್ದು ಎರಡೂ ಕಡೆ ನೂರಕ್ಕೆ 16.

ಮೂರಕ್ಕೂ ಆರಕ್ಕೂ ಎರಡರಷ್ಟು ಅಂತರವಲ್ಲವೆ ಎಂದು ನೀವು ಕೇಳಬಹುದು. ನಾನೂ ಅಲ್ಲೇ ತಡವರಿಸಿದೆ. ಮುನ್ನೂರರಲ್ಲಿ ಮೂರು ಹೆಚ್ಚು ಎಂಬುದು ಕಾಕತಾಳೀಯವಾಗಿಯೂ ಬರಬಹುದಾದ ಸಂಖ್ಯೆ. ಆದ್ದರಿಂದಲೇ ಒಂದು ಪ್ರಯೋಗಕ್ಕೆ ಯಾರೂ ನಿಲ್ಲಲಿಲ್ಲ. ನೆದರ್ಲೆಂಡ್ಸಿನ 22 ಆಸ್ಪತ್ರೆಗಳಲ್ಲಿ ಮೊದಲ ಸಲ ರೋಗ ಬಂದ 528 ಜನರ ಮೇಲೆ ನಡೆದ ಡಯಾಬೊಲೊ ಪ್ರಯೋಗದ ವರದಿ 2017ರಲ್ಲಿ ಬಂತು. ಗುಣವಾಗಲು ಹಿಡಿದದ್ದು ಮದ್ದಿನವರಿಗೆ 12 ದಿನ, ಮದ್ದಿಲ್ಲದವರಿಗೆ 14 ದಿನ. ಇಲ್ಲೂ ಅಂತರ ಲೆಕ್ಕಕ್ಕೆ ಹಿಡಿಯುವಷ್ಟಿರಲಿಲ್ಲ. 2021ರಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 180 ರೋಗಿಗಳಲ್ಲಿ ಒಂದು ಗುಂಪಿಗೆ ನಿಜವಾದ ಮದ್ದು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿಮದ್ದು. ಮನೆಗೆ ಹೋದದ್ದು ಒಂದು ಗುಂಪು 40 ಗಂಟೆಗೆ, ಇನ್ನೊಂದು ಸುಮಾರು 46 ಗಂಟೆಗೆ. ಅಲ್ಲೂ ಖಚಿತ ವ್ಯತ್ಯಾಸ ಸಿಗಲಿಲ್ಲ. ಸ್ವೀಡನ್ನಿನ ಹಳೆಯ ರೋಗಿಗಳನ್ನು ಸುಮಾರು 11 ವರ್ಷಗಳ ನಂತರ ಹುಡುಕಿ ವಿಚಾರಿಸಿದರು. 2019ರ ಆ ವರದಿಯಲ್ಲೂ ಎರಡು ಗುಂಪಿಗೆ ಭೇದವಿರಲಿಲ್ಲ. ತೊಡಕಿಲ್ಲದ ಈ ಕಾಯಿಲೆ ಕ್ರಿಮಿಗಳ ದಾಳಿಗಿಂತ ಹೆಚ್ಚಾಗಿ ಬರಿಯ ಉರಿಯೂತ ಇರಬೇಕು, ಉಳುಕಿದ ಕಾಲು ಊದಿಕೊಂಡು ತಾನೇ ಇಳಿಯುವ ಹಾಗೆ, ಎಂಬ ಅಭಿಪ್ರಾಯಕ್ಕೆ ವೈದ್ಯರು ಬಂದಿದ್ದಾರೆ.

ಮನೆಯ ವಿಷಯಕ್ಕೆ ಬರೋಣ. 2014ರಲ್ಲಿ ಸ್ಪೇನಿನ 132 ರೋಗಿಗಳಲ್ಲಿ ಅರ್ಧ ಜನರನ್ನು ಆಸ್ಪತ್ರೆಯಲ್ಲಿ ಉಳಿಸಿ, ಅರ್ಧ ಜನರನ್ನು ಮನೆಗೆ ಕಳಿಸಿದರು. ಎಲ್ಲರಿಗೂ ಆಂಟಿಬಯಾಟಿಕ್ ಇತ್ತು. ಚಿಕಿತ್ಸೆ ಕೈಕೊಟ್ಟದ್ದು ಆಸ್ಪತ್ರೆಯ ಗುಂಪಿನಲ್ಲಿ 4 ಜನರಿಗೆ, ಮನೆಯ ಗುಂಪಿನಲ್ಲಿ 3 ಜನರಿಗೆ. ಮರುವರ್ಷ ಸ್ವೀಡನ್ನಿನಲ್ಲಿ 155 ಜನರನ್ನು ಮದ್ದೂ ಇಲ್ಲದೆ ಮನೆಗೆ ಕಳಿಸಿದ ವರದಿ ಬಂತು. ಕೈಕೊಟ್ಟದ್ದು 4 ಜನರಿಗೆ. ಎರಡೂ ಪ್ರಶ್ನೆಗಳನ್ನು ಒಟ್ಟಿಗೆ ಪರೀಕ್ಷಿಸಿದ್ದು ಸ್ಪೇನಿನ 15 ಆಸ್ಪತ್ರೆಗಳ ಡೈನಮೊ ಪ್ರಯೋಗ. 480 ರೋಗಿಗಳು, ಎಲ್ಲರೂ ಮನೆಯಲ್ಲೇ. ಒಂದು ಗುಂಪಿಗೆ ಆಂಟಿಬಯಾಟಿಕ್ ಮತ್ತು ನೋವಿನ ಮಾತ್ರೆ, ಇನ್ನೊಂದಕ್ಕೆ ನೋವಿನ ಮಾತ್ರೆ ಮಾತ್ರ. 2021ರಲ್ಲಿ ಬಂದ ಉತ್ತರ: ಆಸ್ಪತ್ರೆಗೆ ಸೇರಿಸಬೇಕಾಗಿ ಬಂದದ್ದು ಮದ್ದಿನ ಗುಂಪಿನಲ್ಲಿ 14 ಜನ, ಬರಿಯ ನೋವಿನ ಮಾತ್ರೆಯ ಗುಂಪಿನಲ್ಲಿ 8 ಜನ. ಈ ಅಂತರವನ್ನೂ ಹಿಗ್ಗಿಸಿ ಹೇಳಬಾರದು. ಆದರೆ ಮನೆಯಲ್ಲಿ ಮದ್ದಿಲ್ಲದೆ ಇದ್ದವರು ಹಿಂದೆ ಬೀಳಲಿಲ್ಲ ಎಂಬುದಂತೂ ಸ್ಪಷ್ಟ.

ಪುಸ್ತಕದ ನಿಯಮಗಳೂ ಬದಲಾದವು. ಅಮೆರಿಕದ ಉದರವೈದ್ಯರ ಸಂಘ 2015ರಲ್ಲಿ ಆಂಟಿಬಯಾಟಿಕ್ಕನ್ನು ಎಲ್ಲರಿಗೂ ರೂಢಿಯಂತೆ ಕೊಡದೆ ಆಯ್ದು ಕೊಡಬೇಕೆಂದಿತು. ಬ್ರಿಟನ್ನಿನ ನೈಸ್ ಸಂಸ್ಥೆ 2019ರಲ್ಲಿ, ಮೈ ಒಟ್ಟಾರೆ ಚೆನ್ನಾಗಿರುವ ರೋಗಿಗೆ ಕೊಡದೆ ನೋಡಬಹುದೆಂದಿತು. ನೋವಿಗೆ ಮಾತ್ರ ಇವರಲ್ಲೇ ಒಮ್ಮತವಿಲ್ಲ. ಸ್ಪೇನಿನವರು ಪ್ಯಾರಸಿಟಮಾಲ್ ಜೊತೆ ಐಬುಪ್ರೊಫೆನ್ ಕೊಟ್ಟಿದ್ದರು, ಬ್ರಿಟನ್ನಿನವರು ಐಬುಪ್ರೊಫೆನ್ ಬೇಡ, ಚೀಲ ಒಡೆಯುವ ಅಪಾಯವಿದೆ ಎನ್ನುತ್ತಾರೆ. ಪ್ಯಾರಸಿಟಮಾಲ್ ಬಗ್ಗೆ ಇಬ್ಬರಿಗೂ ತಕರಾರಿಲ್ಲ. ನಾನಾದರೆ ಅದಕ್ಕೇ ನಿಲ್ಲುತ್ತೇನೆ.

ಇಲ್ಲಿ ನಿಮ್ಮಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇದನ್ನು ಓದಿ ಯಾರಾದರೂ ಹೊಟ್ಟೆನೋವಿಗೆ ಗಂಜಿ ಕುಡಿದು ಮಲಗಿಬಿಟ್ಟರೆ ಅದು ನನ್ನ ತಪ್ಪಾಗುತ್ತದೆ. ಈ ಪ್ರಯೋಗಗಳಲ್ಲಿ ಮನೆಗೆ ಹೋದವರೆಲ್ಲ ಮೊದಲು ಸ್ಕ್ಯಾನ್ ಮಾಡಿಸಿಕೊಂಡು, ವೈದ್ಯರ ಕಣ್ಣಿಗೆ ಬಿದ್ದು ಹೋದವರು. ಸ್ಕ್ಯಾನ್ ಇಲ್ಲದ ಊರಿನಲ್ಲಿ ಹೊಟ್ಟೆಯ ನೋವು ಅಪೆಂಡಿಕ್ಸೋ, ಮೂತ್ರಪಿಂಡದ ಕಲ್ಲೋ, ಹೆಂಗಸರಲ್ಲಿ ಅಂಡಾಶಯದ ತೊಂದರೆಯೋ ಯಾರು ಹೇಳಬೇಕು? ರೋಗನಿರೋಧಕ ಶಕ್ತಿ ಕುಗ್ಗಿದವರು, ಸ್ಟೆರಾಯ್ಡ್ ತೆಗೆದುಕೊಳ್ಳುವವರು, ಬಸುರಿಯರು, ಬೇರೆ ದೊಡ್ಡ ಕಾಯಿಲೆಯಿಂದ ಬಳಲಿದವರು, ವಾಂತಿಯಾಗುತ್ತಿರುವವರು, ಸ್ಕ್ಯಾನಿನಲ್ಲಿ ದ್ರವ ಶೇಖರವಾಗಿರುವುದು ಕಂಡವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರಿಗೆ ಆಂಟಿಬಯಾಟಿಕ್ ಬೇಕು. ಮನೆಯಲ್ಲಿರುವವರೂ ಮೊದಲ ಎರಡು ಮೂರು ದಿನ ತಿಳಿಯಾದ ದ್ರವಾಹಾರ, ಆಮೇಲೆ ತಡೆಯುವಷ್ಟು ಮೆತ್ತನೆಯ ಊಟ ಮಾಡಬಹುದು. ದ್ರವಾಹಾರ ಹಿತಕ್ಕಾಗಿ, ಹಸಿವಾದರೆ ಉಪವಾಸ ಬೀಳಬೇಕಾಗಿಲ್ಲ. ಆದರೆ ಜ್ವರ ಏರಿದರೆ, ನೋವು ಹೊಟ್ಟೆಯಿಡೀ ಹರಡಿದರೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ, ನೀರೂ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮಾರನೆಯ ಬೆಳಿಗ್ಗೆಗೆ ಕಾಯದೆ ಹೊರಡಬೇಕು. ಎರಡು ಮೂರು ದಿನವಾದರೂ ಇಳಿಮುಖ ಕಾಣದಿದ್ದರೆ ಅದೇ ವೈದ್ಯರಲ್ಲಿಗೆ ಮರಳಬೇಕು. ಮೊದಲ ಸಲ ಕಾಯಿಲೆ ಬಂದವರು, ಹಿಂದಿನ ಒಂದು ವರ್ಷದಲ್ಲಿ ಕರುಳು ದರ್ಶಕ ಪರೀಕ್ಷೆ ಆಗಿರದಿದ್ದರೆ, ಗುಣವಾದ ಆರೆಂಟು ವಾರಗಳ ನಂತರ ಅದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಕೆಲವೊಮ್ಮೆ ಕ್ಯಾನ್ಸರು ಇದರ ವೇಷದಲ್ಲಿ ಬರುತ್ತದೆ.

ಕೊಡದಿದ್ದರೆ ಲಾಭವೇನು ಎಂದು ಕೇಳಿದರೆ, ಆಂಟಿಬಯಾಟಿಕ್ ನಮ್ಮ ಕರುಳಿನ ಒಳ್ಳೆಯ ಕ್ರಿಮಿಗಳನ್ನೂ ಕೊಲ್ಲುತ್ತದೆ, ಭೇದಿ ತರುತ್ತದೆ, ಕೆಲವರಿಗೆ ಒಗ್ಗುವುದಿಲ್ಲ. ಬದುಕುಳಿದ ಕ್ರಿಮಿಗಳು ಮದ್ದಿಗೆ ಬಗ್ಗದವಾಗುತ್ತವೆ. ನಮ್ಮಲ್ಲಿ ಮೆಡಿಕಲ್ ಶಾಪಿನ ಹುಡುಗನನ್ನು ಕೇಳಿ ನಾಲ್ಕು ಮಾತ್ರೆ ಕೊಂಡು, ಎರಡು ನುಂಗಿ, ಎರಡನ್ನು ಡಬ್ಬಿಯಲ್ಲಿಡುವ ಅಭ್ಯಾಸವನ್ನು ನಾನು ಬೇರೆಯವರ ಮನೆಯಲ್ಲಿ ಮಾತ್ರ ನೋಡಿದ್ದೇನೆ ಎಂದರೆ ಸುಳ್ಳಾಗುತ್ತದೆ.

ಚಳ್ಳಕೆರೆಯ ಆ ತಾಯಿಯ ನಂಬರು ನಮ್ಮ ಕರೆಗಳ ಪಟ್ಟಿಯಲ್ಲಿತ್ತು. ವಾರ ಕಳೆದ ಮೇಲೆ ಅಳುಕುತ್ತಲೇ ಮಾಡಿದೆ. ಅವರ ಯಜಮಾನರೇ ಎತ್ತಿಕೊಂಡರು. ನಾಲ್ಕನೆಯ ದಿನಕ್ಕೆ ನೋವು ಇಳಿದಿತ್ತಂತೆ. ದುಡ್ಡಿನ ಕಾರಣಕ್ಕಲ್ಲ, ಬೇಕಿಲ್ಲವೆಂದೇ ನಿಮ್ಮ ಡಾಕ್ಟರು ಮದ್ದು ಬರೆಯಲಿಲ್ಲ, ದೊಡ್ಡ ದೊಡ್ಡ ದೇಶಗಳಲ್ಲಿ ಈಗ ಹೀಗೆಯೇ ಮಾಡುತ್ತಾರೆ ಎಂದು ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, “ಅದಿರ್ಲಿ ಸಾರ್, ಶೇಂಗಾ ತಿನ್ಬೌದಾ?” ಎಂದರು. ಶೇಂಗಾ ಬೆಳೆಯುವ ಮನುಷ್ಯ. ಬೀಜ ಹೋಗಿ ಚೀಲದಲ್ಲಿ ಕೂರುತ್ತದೆಂದು ಊರಿನಲ್ಲಿ ಯಾರೋ ಹೆದರಿಸಿದ್ದರಂತೆ. 1904ರ ಬಿಯರ್ ಚಳ್ಳಕೆರೆಯವರೆಗೂ ಬಂದಿದ್ದ! ನಾನು ನಮ್ಮ ತಜ್ಞರನ್ನು ಕೇಳಿ ತಿಳಿಸಿದೆ. 2008ರಲ್ಲಿ ಅಮೆರಿಕದಲ್ಲಿ 47,228 ಗಂಡಸರನ್ನು 18 ವರ್ಷ ಹಿಂಬಾಲಿಸಿ ನೋಡಿದ ವರದಿ ಬಂದಿದೆ, ಬೀಜ, ಜೋಳದ ಅರಳು ಹೆಚ್ಚು ತಿಂದವರಿಗೆ ಈ ರೋಗ ಹೆಚ್ಚೇನೂ ಬರಲಿಲ್ಲ, ಕಡಿಮೆಯೇ ಬಂತು, ಹೊಟ್ಟೆ ಪೂರ್ತಿ ಸರಿಹೋದ ಮೇಲೆ ಧಾರಾಳವಾಗಿ ತಿನ್ನಿ ಎಂದೆ. ಫೋನಿನ ಆಚೆ ಅವರು ಮನೆಯಾಕೆಯನ್ನು ಕೂಗಿ, “ಕೇಳ್ತಾ ಏನೇ? ತಿನ್ಬೌದಂತೆ!” ಎಂದದ್ದು ನನಗೂ ಕೇಳಿಸಿತು.